ಅಣಬೆ ನೀರು ಬಿಟ್ಟರೆ ಬಿಡಲಿ ಬಿಡಿ

ವಿಜಯಪುರದ ತರಕಾರಿ ಅಂಗಡಿಗಳಲ್ಲಿ ಈಗ ಬಟನ್ ಅಣಬೆ ಸಿಗುತ್ತದೆ. ತರುವವರು ಜಾಸ್ತಿ, ಸರಿಯಾಗಿ ಹುರಿಯುವವರು ಕಡಿಮೆ. ಬಾಣಲೆಯಲ್ಲಿ ನೀರು ಕಂಡ ಕೂಡಲೇ ಗಾಬರಿಯಾಗಿ ಮುಚ್ಚಳ ಮುಚ್ಚುತ್ತಾರೆ, ಆಮೇಲೆ ರಬ್ಬರಿನಂಥ ಪಲ್ಯವನ್ನು ರೊಟ್ಟಿ ಪಕ್ಕ ಹಾಕಿಕೊಂಡು ಅಣಬೆಯನ್ನೇ ಬೈಯುತ್ತಾರೆ.

ಕೊಳ್ಳುವಾಗ ಗಟ್ಟಿ ಇರಬೇಕು, ಅಂಟಂಟಾಗಿರಬಾರದು. ಕಂದು ಬಣ್ಣದ್ದಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಬಿಳಿ ಬಟನ್, ಕಂದು ಬಟನ್, ಅಂಗೈ ಅಗಲದ ಪೋರ್ಟೊಬೆಲ್ಲೊ ಮೂರೂ ಒಂದೇ ಜಾತಿ. ಮಳೆಗಾಲದಲ್ಲಿ ಖಾನಾಪುರದ ಕಾಡಿನ ಕಡೆ ಹೋದಾಗ ಕಂಡಕಂಡ ಅಣಬೆ ಕೀಳಬೇಡಿ. ಬೆಳ್ಳಿ ಚಮಚ ಕಪ್ಪಾದರೆ ಮಾತ್ರ ವಿಷ ಅನ್ನುವುದು ಸುಳ್ಳು, ಕೆಲವು ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ.

ನಲ್ಲಿ ಕೆಳಗೆ ಬೇಗ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೋಳು ಮಾಡಿ. ಹೋಳುಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ತಾಸು ಇಟ್ಟರೆ ಅದರಲ್ಲಿರುವ ಎರ್ಗೊಸ್ಟೆರಾಲ್ ಅನ್ನುವ ವಸ್ತು ವಿಟಮಿನ್ ಡಿ2 ಆಗುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಕೆಲಸ ಆಗಲ್ಲ, ಮಾಳಿಗೆ ಮೇಲೇ ಇಡಬೇಕು. ನಮ್ಮಲ್ಲಿ ಬಿಸಿಲಿಗೇನು ಬರ ಇಲ್ಲ ಅಲ್ವಾ?

ಈಗ ಹುರಿಯುವುದು. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಬೇಡ, ಉಪ್ಪು ಬೇಡ, ಹೋಳು ಒಂದರ ಮೇಲೊಂದು ಬೀಳದಷ್ಟೇ ಹಾಕಿ, ಉಳಿದದ್ದು ಎರಡನೇ ಸಲಕ್ಕೆ. ಅಣಬೆಯಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದು ಹೊರಗೆ ಬಂದೇ ಬರುತ್ತದೆ, ಬರಲಿ. ಉರಿ ಕಡಿಮೆ ಮಾಡಬೇಡಿ, ಮುಚ್ಚಬೇಡಿ, ನೀರು ಚೆಲ್ಲಲೂ ಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಕೊತಕೊತ ಸದ್ದು ನಿಂತು ಚಟಚಟ ಶುರುವಾಗುವವರೆಗೆ ಕಾಯಿರಿ. ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೇ ಎಣ್ಣೆ. ಕರಗಿ ಹೋದೀತು ಅಂತ ಹೆದರಬೇಡಿ, ಅಣಬೆಯ ಜೀವಕೋಶಗಳ ಗೋಡೆಯಲ್ಲಿ ಕೈಟಿನ್ ಇದೆ, ಅದು ಬಿಸಿಗೆ ಕರಗುವ ವಸ್ತು ಅಲ್ಲ.

ಮುಂದಿನದು ಗೊತ್ತಿದ್ದದ್ದೇ: ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಖಾರ, ಕೊನೆಗೆ ಉಪ್ಪು. ಮಶ್ರೂಮ್ ಮಸಾಲಾ ಪಾಕೀಟು ಖಂಡಿತ ಬೇಡ, ಅದನ್ನು ಹಾಕಿದರೆ ಅಣಬೆಯೂ ಪನೀರೂ ಒಂದೇ ರುಚಿ. ನಾನಂತೂ ಒಂದು ಚಮಚ ಗುರೆಳ್ಳು ಪುಡಿ ಉದುರಿಸುತ್ತೇನೆ.

ಮಾಂಸದಷ್ಟೇ ಪ್ರೋಟೀನ್ ಇದೆ ಅನ್ನುವವರನ್ನು ನಂಬಬೇಡಿ. 100 ಗ್ರಾಂ ಹಸಿ ಅಣಬೆಯಲ್ಲಿ ಇರುವುದು ಸುಮಾರು 3 ಗ್ರಾಂ. ಆದರೆ ಕ್ಯಾಲೊರಿ ಬರೀ 22ರ ಆಸುಪಾಸು, ಜೊತೆಗೆ ಬಿ ಗುಂಪಿನ ವಿಟಮಿನ್, ಪೊಟ್ಯಾಸಿಯಂ, ಸೆಲೆನಿಯಂ ಸಿಗುತ್ತವೆ. ಉಳಿದ ಹಸಿ ಅಣಬೆಯನ್ನು ಪ್ಲಾಸ್ಟಿಕ್‌ನಿಂದ ತೆಗೆದು, ತೊಳೆಯದೆ, ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.