ಹಿರಿಯರು ಕೆಲಸ ಬಿಡುವ ಮೊದಲು ನಾವು ಕೇಳಿ ಬರೆದಿಟ್ಟುಕೊಂಡದ್ದು

ನಮ್ಮದು ಶಿವಮೊಗ್ಗದ ಸಣ್ಣ ತಂಡ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅದನ್ನು ಬುಡದಿಂದ ಕಟ್ಟಿದ ಹಿರಿಯರು ಬೆಂಗಳೂರಿಗೆ ಹೊರಟು ನಿಂತರು. ‘ಎಲ್ಲ ಬರೆದಿಟ್ಟು ಹೋಗಿ ಸರ್’ ಎಂದು ನಾವು ಕೇಳಲಿಲ್ಲ. ವರ್ಷಗಟ್ಟಲೆ ಅದರೊಳಗೇ ಇದ್ದವರಿಗೆ ಬರೆಯಬೇಕಾದದ್ದು ಯಾವುದು ಅಂತಲೇ ತೋಚುವುದಿಲ್ಲ. ಬರೆಯುವುದು ಉಳಿಯುವವರ ಕೆಲಸ, ತಿದ್ದುವುದು ಹೋಗುವವರ ಕೆಲಸ ಎಂದು ಮಾಡಿಕೊಂಡೆವು.

ಮೊದಲು ಗಿಟ್ ಬ್ಲೇಮ್ (ಕೋಡಿನ ಯಾವ ಸಾಲು ಯಾರು ಬರೆದದ್ದು ಎಂದು ತೋರಿಸುವ ಆಜ್ಞೆ) ಹಾಕಿ, ಅವರೊಬ್ಬರ ಹೆಸರೇ ತುಂಬಿರುವ ಫೈಲುಗಳನ್ನು ಗುರುತು ಹಾಕಿಕೊಂಡೆವು. ಅಲ್ಲಿ ವಿಚಿತ್ರ ಅನ್ನಿಸಿದ್ದಕ್ಕೆಲ್ಲ ನನ್ನದು ಒಂದೇ ಪ್ರಶ್ನೆ: ‘ಇದನ್ನು ತೆಗೆದರೆ ಏನಾಗುತ್ತೆ?’

ಬಿಲ್ ನಂಬರಿನ ಮುಂದೆ ಎರಡಕ್ಷರ ಇತ್ತು. ಕೇಳಿದೆ. ‘ತೆಗೀಬೇಡ ಮಾರಾಯ. ಮಳೆಗಾಲದಲ್ಲಿ ಹೊಸನಗರದ ಕಡೆ ಕರೆಂಟ್ ಹೋದ್ರೆ ಹಿಂದೆಯೇ ಟವರೂ ಹೋಗುತ್ತೆ. ಸರ್ವರ್ ಸಿಗದಾಗ ಎರಡು ಲ್ಯಾಪ್‌ಟಾಪ್ ಒಂದೇ ನಂಬರ್ ಕೊಟ್ರೆ?’ ನೆಟ್ ಇಲ್ಲದಾಗಲೂ ಪ್ರತಿ ಲ್ಯಾಪ್‌ಟಾಪ್ ತನ್ನದೇ ಸರಣಿಯಲ್ಲಿ ಬಿಲ್ ಹರಿಯಲಿ ಎಂದೇ ಆ ಎರಡಕ್ಷರ. ನಂಬರ್ ಕೊಡುವ ಕೆಲಸ ಸರ್ವರಿಗೇ ಇರಲಿ ಎಂಬ ಯೋಚನೆಯನ್ನು ಅವರು ಕೈಬಿಟ್ಟದ್ದೂ ಅದಕ್ಕೇ. ಕೋಡ್ ಎಷ್ಟು ಓದಿದರೂ, ಕೈಬಿಟ್ಟ ಈ ದಾರಿ ಅಲ್ಲಿ ಕಾಣುವುದಿಲ್ಲ. ದರವನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗೆ ಕಟ್ಟದೆ ಲಾಟಿಗೆ (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲಿಗೆ) ಕಟ್ಟಿದ್ದಕ್ಕೂ ಕಾರಣ ಇತ್ತು: ಟೆಂಡರಿನಲ್ಲಿ ರಾಶಿಯ ಬೆಲೆಯೇ ಲಾಟಿನಿಂದ ಲಾಟಿಗೆ ಬೇರೆ.

ಇವನ್ನೆಲ್ಲ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಅಂದರೆ ಒಂದೊಂದು ನಿರ್ಧಾರವನ್ನೂ ಅದರ ಕಾರಣವನ್ನೂ ಹೇಳುವ ಸಣ್ಣ ಟಿಪ್ಪಣಿ) ರೂಪದಲ್ಲಿ ಬರೆದೆವು. 2011ರಲ್ಲಿ ಮೈಕೇಲ್ ನೈಗಾರ್ಡ್ ಎಂಬ ಸಾಫ್ಟ್‌ವೇರ್ ಪರಿಣತ ಬಳಕೆಗೆ ತಂದ ಪದ್ಧತಿ ಅದು. ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ನಿರ್ಧಾರ, ಪರಿಣಾಮ, ಎಲ್ಲ ಸೇರಿ ಒಂದೆರಡು ಪುಟ. ಕೋಡ್ ಇರುವ ರೆಪಾಸಿಟರಿಯಲ್ಲೇ ಇಟ್ಟೆವು. ಬೇರೆ ವಿಕಿಯಲ್ಲಿಟ್ಟರೆ ಆರು ತಿಂಗಳಿಗೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ನಿರ್ಧಾರ ಬದಲಾದರೂ ಹಳೆಯದನ್ನು ಅಳಿಸುವುದಿಲ್ಲ, ‘ಇದರ ಬದಲಿಗೆ ಇಂಥದ್ದು’ ಎಂದು ಸ್ಥಿತಿ ತಿದ್ದುತ್ತೇವೆ.

ಬರಹಕ್ಕೆ ಇಳಿಯದ್ದೂ ಬೇಕಾದಷ್ಟಿದೆ. ಪ್ರೋಗ್ರಾಂ ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆ ಕಾಗದದಿಂದಷ್ಟೇ ದಾಟುವುದಿಲ್ಲ, ಜೊತೆಗೆ ಕೂತು ಕೆಲಸ ಮಾಡಬೇಕು ಎಂದು ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಬರೆದಿದ್ದರು. ಅದು ಪೂರಾ ನಿಜ. ಹಾಗಾಗಿ ಕೊನೆಯ ವಾರಗಳ ರಿಲೀಸುಗಳನ್ನೆಲ್ಲ (ಹೊಸ ಆವೃತ್ತಿಯ ಬಿಡುಗಡೆಗಳನ್ನು) ನಾವೇ ಮಾಡಿದೆವು. ಅವರು ಪಕ್ಕದಲ್ಲಿ ಕೂತಿದ್ದರು, ಕೀಬೋರ್ಡ್ ಮುಟ್ಟುವಂತಿರಲಿಲ್ಲ. ನಾವು ಎಲ್ಲಿ ತಡವರಿಸಿದೆವೋ ಅಲ್ಲಿಗೊಂದು ಹೊಸ ಟಿಪ್ಪಣಿ ಹುಟ್ಟಿತು.

ಈಗ ರಚನೆ ಬದಲಿಸುವ ಯಾವ ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದರೂ ಜೊತೆಗೆ ಎಡಿಆರ್ ಇರಲೇಬೇಕು. ಇಲ್ಲದಿದ್ದರೆ ನಾನು ಮರ್ಜ್ ಮಾಡುವುದಿಲ್ಲ.