ಚಿಂಚೋಳಿ ಅಡವಿಯಲ್ಲಿ ಮಾಂಸಾಹಾರಿಗಳ ಜಾಡು ಓದುವ ಬಗೆ: ನೆಡುತೋಪು ಮತ್ತು ಹಳೆಯ ಕಾಡು

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮ ಸುಮಾರು 135 ಚದರ ಕಿಲೋಮೀಟರ್ ಹಬ್ಬಿದೆ. ಒಳಗೆ ತಾನಾಗಿ ಬೆಳೆದ ಎಲೆಯುದುರುವ ಕಾಡು, ಅಂಚಿನಲ್ಲಿ ಸಾಗುವಾನಿ, ಅಕೇಶಿಯಾ ನೆಡುತೋಪು, ಅದರಾಚೆ ತೊಗರಿ ಹೊಲ. ತೋಳ, ಕಿರುಬ, ನರಿ, ಕಾಡುಬೆಕ್ಕುಗಳು ಯಾವ ಭಾಗವನ್ನು ಹೇಗೆ ಬಳಸುತ್ತವೆ ಎಂದು ತಿಳಿಯಬೇಕಾದರೆ ಒಂದು ಮಾತು ಮರೆಯಬಾರದು: ಹೆಜ್ಜೆ ಬಿದ್ದಲ್ಲೆಲ್ಲ ಪ್ರಾಣಿ ನೆಲೆಸಿರುವುದಿಲ್ಲ. ನೆಡುತೋಪಿನ ಬಂಡಿದಾರಿ, ಬೆಂಕಿರೇಖೆಗಳು (ಕಾಡ್ಗಿಚ್ಚು ಹರಡದಂತೆ ಸವರಿದ ಪಟ್ಟಿಗಳು) ರಾತ್ರಿ ತಿರುಗುವ ಪ್ರಾಣಿಗೆ ಸಲೀಸಾದ ಹಾದಿ. ಅಲ್ಲಿ ಹೆಜ್ಜೆ ಹೆಚ್ಚು ಸಿಗುವುದು ಸಹಜ, ಅಷ್ಟರಿಂದಲೇ ತೋಪು ಒಳ್ಳೆಯ ನೆಲೆ ಎಂದು ಬರೆದರೆ ಪೂರಾ ತಪ್ಪಾಗುತ್ತದೆ.

ಧಾಮದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು. ಅದು ಕೈಗೆ ಬಂದ ಮೇಲೆಯೇ ಮುಂದಿನ ಕೆಲಸ.

ಕಾಲ ಆರಿಸುವಾಗ ತೊಗರಿಯನ್ನು ನೋಡಿ. ಎತ್ತರಕ್ಕೆ ನಿಂತ ಬೆಳೆಯಲ್ಲಿ ನರಿ, ಕಾಡುಬೆಕ್ಕು ಹಗಲೆಲ್ಲ ಅಡಗಬಲ್ಲವು. ರಾಶಿ ಮುಗಿದೊಡನೆ ಆ ಮರೆ ಹೋಗುತ್ತದೆ. ಅರ್ಧ ಸಮೀಕ್ಷೆ ರಾಶಿಗೆ ಮುಂಚೆ, ಅರ್ಧ ಆಮೇಲೆ ಆದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಬೆಳೆ ನಿಂತಿರುವ ನವೆಂಬರ್, ಇಲ್ಲವೇ ಹೊಲ ಬರಿದಾದ ಫೆಬ್ರವರಿ, ಒಂದನ್ನೇ ಹಿಡಿಯಿರಿ. ಫೆಬ್ರವರಿಯಾದರೆ ಹಾದಿಗೆ ಬಿದ್ದ ಸಾಗುವಾನಿಯ ದೊಡ್ಡ ಎಲೆಗಳನ್ನು ದಿನಾ ಗುಡಿಸಬೇಕಾದೀತು.

ಹಳೆಯ ಕಾಡು, ನೆಡುತೋಪು, ಕುರುಚಲು ಬಯಲು ಮೂರರಲ್ಲೂ ತಲಾ ಆರು ಹಾದಿ, ಒಂದೊಂದು 1 ಕಿಲೋಮೀಟರ್. ತೋಪಿನಲ್ಲಿ ಅಗಲ ರಸ್ತೆ, ಕಾಡಿನಲ್ಲಿ ಕಾಲುದಾರಿ ಆರಿಸಿಕೊಂಡರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ಎಲ್ಲೆಡೆ ಒಂದೇ ಬಗೆಯ ಹಾದಿ ಇರಲಿ. ಪ್ರತಿ 200 ಮೀಟರಿಗೆ ಹಾದಿಯ ಅಡ್ಡಗಲಕ್ಕೂ 1 ಮೀಟರ್ ಅಗಲದ ಪಟ್ಟಿ ಮಾಡಿ, ಹೆಜ್ಜೆ ಮೂಡಲೆಂದು ಜರಡಿ ಹಿಡಿದ ಮಣ್ಣನ್ನು 1 ಸೆಂಟಿಮೀಟರ್ ದಪ್ಪ ಹರಡಿ. ಮೊರಮ್ ನೆಲದಲ್ಲಿ ಹೆಜ್ಜೆ ಮೂಡುವುದಿಲ್ಲ, ಎರೆ ನೆಲ ಒಣಗಿದರೆ ಬಿರುಕು, ನೆನೆದರೆ ಅಂಟು. ಹಳ್ಳದ ಸಣ್ಣ ಮಣ್ಣೇ ಒಳ್ಳೆಯದು. ಸಂಜೆ ಸಮ ಮಾಡಿ, ಬೆಳಗ್ಗೆ ದನ, ಕುರಿ ಹಾಯುವ ಮೊದಲೇ ಓದಿ ಮುಗಿಸಿ.

ಉಗುರಿನ ಗುರುತಿಲ್ಲದ ದುಂಡು ಹೆಜ್ಜೆ ಬೆಕ್ಕಿನ ಜಾತಿಯದು. ಐದು ಬೆರಳು ಮೂಡಿದ್ದರೆ ಪುನುಗುಬೆಕ್ಕೋ ಮುಂಗುಸಿಯೋ ಇರಬಹುದು. ಕಿರುಬದ ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ನರಿಯ ನಡುವಿನ ಎರಡು ಬೆರಳುಗಳ ಮೆತ್ತೆ ಬುಡದಲ್ಲಿ ಕೂಡಿರುತ್ತದೆ. ಕಷ್ಟವಿರುವುದು ತೋಳ ಮತ್ತು ಊರನಾಯಿಯಲ್ಲಿ. ಒಂದೇ ಹೆಜ್ಜೆ ನೋಡಿ ಎಂದೂ ತೀರ್ಮಾನಿಸಬೇಡಿ. ಕನಿಷ್ಠ 20 ಮೀಟರ್ ಜಾಡು ಹಿಡಿದು ನಡೆಯಿರಿ: ತೋಳದ್ದು ಸಾಮಾನ್ಯವಾಗಿ ನೇರ, ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದಿರುತ್ತದೆ, ನಾಯಿಯದು ಅತ್ತಿತ್ತ ಅಲೆದಿರುತ್ತದೆ. ಆಗಲೂ ಅನುಮಾನ ಉಳಿದರೆ ‘ತೋಳ ಅಥವಾ ನಾಯಿ’ ಎಂದೇ ಬರೆಯಿರಿ.

ಪ್ರತಿ ಗುರುತಿನ ಮುಂದೆ ಅದು ಬರಿ ಹಾದುಹೋದದ್ದೋ, ತಿಂದದ್ದೋ, ತಂಗಿದ್ದೋ ಎಂಬುದನ್ನು ದಾಖಲಿಸಿ. ಇಡೀ ಕೆಲಸದ ತಿರುಳು ಇದು. ಹಿಕ್ಕೆಯಲ್ಲಿ ಬಾರೆಹಣ್ಣಿನ ಬೀಜ, ಇಲಿಯ ಕೂದಲು, ಜೀರುಂಡೆಯ ಚಿಪ್ಪು ಏನಿದೆ ನೋಡಿ. ಒಣಗಿ ಸುಣ್ಣದಂತೆ ಬಿಳಿಯಾಗಿದ್ದರೆ ಮೂಳೆ ತಿನ್ನುವ ಕಿರುಬದ್ದಿರಬಹುದು. ಹುಳುಮೊಟ್ಟೆಗಳ ಅಪಾಯವಿದೆ, ಕೈಗವಸಿಲ್ಲದೆ ಮುಟ್ಟಬೇಡಿ. ಜೊತೆಗೆ ನೆಲದ ಪೊದೆ, ಬಂಡೆ ಸಂದು, ನೀರಿನ ದೂರವನ್ನೂ ಬರೆದುಕೊಳ್ಳಿ.

ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಸುಳಿದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ) ಇದ್ದರೆ ನೆಲದಿಂದ 30–40 ಸೆಂಟಿಮೀಟರ್ ಎತ್ತರ, ಹಾದಿಯಿಂದ 3 ಮೀಟರ್ ದೂರ ಕಟ್ಟಿ, ಉತ್ತರ ಇಲ್ಲವೇ ದಕ್ಷಿಣಕ್ಕೆ ಮುಖ ಮಾಡಿ. ಮುಂದಿನ ಹುಲ್ಲು ಕೊಯ್ಯದಿದ್ದರೆ ಕಾದ ಹುಲ್ಲು ಅಲ್ಲಾಡಿದಾಗಲೆಲ್ಲ ಕ್ಲಿಕ್ಕಾಗಿ ಕಾರ್ಡು ತುಂಬುತ್ತದೆ.

ಒಂದೇ ಬಾರಿ ನಡೆದು ‘ಇಲ್ಲ’ ಎನ್ನಬೇಡಿ. ಇರುವ ಪ್ರಾಣಿ ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಂಭವ 0.4 ಎಂದಿಟ್ಟುಕೊಂಡರೆ ಮೂರು ಭೇಟಿಯಲ್ಲೂ ತಪ್ಪಿಹೋಗುವ ಸಂಭವ ಶೇ 22, ಐದಾದರೆ ಶೇ 8. ಹಾಗಾಗಿ ಪ್ರತಿ ಹಾದಿಗೆ ಐದು ಭೇಟಿ, ಎಲ್ಲವೂ 20 ದಿನದೊಳಗೆ; ಗುರುತು ಕಂಡರೆ 1, ಕಾಣದಿದ್ದರೆ 0 ಎಂದು ಬರೆಯಿರಿ.

ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಬಿಲ ಕಂಡರೆ ಹತ್ತಿರ ಹೋಗದೆ, ಫೋಟೊಗಾಗಿ ಕಾಯದೆ, ದೂರದಿಂದಲೇ ಗುರುತು ಮಾಡಿಕೊಂಡು ಹಿಂತಿರುಗಿ. ಮನುಷ್ಯರ ಸುಳಿವು ಹತ್ತಿದರೆ ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸುತ್ತದೆ. ಆ ಜಾಗವನ್ನು ಅರಣ್ಯ ಇಲಾಖೆಯವರಿಗೆ ಬಿಟ್ಟು ಯಾರಿಗೂ ಹೇಳಬೇಡಿ.