ಮನೆಗೆ ಜೇನೋ ಕಣಜವೋ ಗೂಡು ಕಟ್ಟಿದರೆ ಮೊದಲು ಹುಳ ಯಾವುದು ನೋಡಿ

ಸಜ್ಜಾದ ಕೆಳಗೋ ಪತ್ರಾಸಿನ ಸಂದಿಯಲ್ಲೋ ಗೂಡು ಕಂಡಕೂಡಲೇ ಬಡಿಗೆ ಹುಡುಕಬೇಡಿ. ದೂರ ನಿಂತು ಐದು ನಿಮಿಷ ನೋಡಿ. ನಡು ಸಣ್ಣ, ಹಾರುವಾಗ ಕಾಲು ಜೋತುಬೀಳುತ್ತವೆ, ಬೂದು ಕಾಗದದಂಥ ಗೂಡು ಒಂದೇ ದೇಟಿಗೆ ತೂಗುತ್ತಿದೆ ಎಂದರೆ ಅದು ಕಣಜ. ಮೈಮೇಲೆ ನವಿರು ಕೂದಲು, ಮೇಣದ ಹುಟ್ಟು ಇದ್ದರೆ ಜೇನು. ಗೋಡೆಗೆ ಮಣ್ಣು ಮೆತ್ತುವ ಕುಂಬಾರ ಹುಳ ಒಂಟಿಯಾಗಿರುತ್ತದೆ, ಗೂಡು ಕಾಯಲು ಮೈಮೇಲೆ ಬರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಟಾಕಿಗೋ ಎತ್ತರದ ಸಜ್ಜಾಕ್ಕೋ ಮೊರದಷ್ಟು ಅಗಲದ ಒಂದೇ ಹುಟ್ಟು ಜೋತಿದ್ದರೆ ಹೆಜ್ಜೇನು. ಇದು ಮನೆಯವರು ಕೈ ಹಾಕುವ ಕೆಲಸವಲ್ಲವೇ ಅಲ್ಲ. ಒಂದು ಹುಳ ಕಚ್ಚಿದರೆ ಅದರ ವಾಸನೆಗೆ ಉಳಿದವೂ ಏಳುತ್ತವೆ, ನೂರಾರು ಮೀಟರ್ ಬೆನ್ನಟ್ಟುತ್ತವೆ. ಓಡಾಡುವ ದಾರಿಯಲ್ಲಿ ಇಲ್ಲವೆಂದರೆ ಹಾಗೇ ಇರಲಿ; ಸುತ್ತಲಿನ ಹೂವು ಮುಗಿದ ಮೇಲೆ ತಾವೇ ಎದ್ದುಹೋಗುತ್ತವೆ. ಶಾಲೆ, ದವಾಖಾನೆಯ ಬಾಗಿಲ ಮೇಲಿದ್ದರೆ ಅನುಭವಸ್ಥರನ್ನೇ ಕರೆಸಿ, ರಾತ್ರಿಯೇ ತೆಗೆಸಿ.

ಹಳೆಯ ಕಲ್ಲಿನ ಗೋಡೆ, ಬೆಳಕಿಂಡಿ, ಮೀಟರ್ ಪೆಟ್ಟಿಗೆಯೊಳಗೆ ಸಾಲುಹುಟ್ಟು ಇಡುವುದು ತುಡುವೆ ಜೇನು. ದಯವಿಟ್ಟು ಕೊಲ್ಲಬೇಡಿ. ಸೂರ್ಯಕಾಂತಿ, ಉಳ್ಳಾಗಡ್ಡಿ ಬೀಜದ ಬೆಳೆ ಕಾಯಿ ಕಟ್ಟಲು ಇವು ಬೇಕು. ಜೇನು ಸಾಕುವವರು ಹುಟ್ಟು ಕೊಯ್ದು, ಚೌಕಟ್ಟಿಗೆ ಕಟ್ಟಿ, ರಾಣಿಸಮೇತ ಪೆಟ್ಟಿಗೆಗೆ ಇಳಿಸಿಕೊಂಡು ಒಯ್ಯುತ್ತಾರೆ. ಅಂಥವರ ವಿಳಾಸವನ್ನು ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ಕೇಳಿ. ಒಳಗೆ ಜೇನುತುಪ್ಪ, ಮೇಣ ಉಳಿದರೆ ನಮ್ಮ ಬೇಸಿಗೆಯ ಬಿಸಿಲಿಗೆ ಕರಗಿ ಗೋಡೆಗೆ ಇಳಿಯುತ್ತದೆ, ಇರುವೆ ಮುತ್ತುತ್ತದೆ, ಅದೇ ವಾಸನೆಗೆ ಮತ್ತೊಂದು ಹಿಂಡು ಬರುತ್ತದೆ. ಪೂರ್ತಿ ಕೆರೆದು, ತೊಳೆದು, ಆಮೇಲೆ ಸಿಮೆಂಟ್ ತುಂಬಿ. ಗಾಳಿ ಬೇಕಾದ ಕಿಂಡಿಗೆ 3 ಮಿಲಿಮೀಟರ್ ಕಣ್ಣಿನ ಜಾಳಿಗೆ ಬಡಿಯಿರಿ. ಹುಟ್ಟೇ ಇಲ್ಲದೆ ಟೊಂಗೆಗೆ ಗೊಂಚಲಾಗಿ ಕೂತ ಹಿಂಡು ದಾರಿಹೋಕರದ್ದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ.

ನೀವೇ ತೆಗೆಯಬಹುದಾದದ್ದು ಅಂಗೈಗಿಂತ ಚಿಕ್ಕ ಕಣಜದ ಗೂಡು ಮಾತ್ರ, ಅದೂ ನೆಲದ ಮೇಲೆ ನಿಂತು ಎಟುಕುವಂತಿದ್ದರೆ. ನಿಚ್ಚಣಿಕೆ ಹತ್ತಬೇಡಿ, ಕಚ್ಚಿಸಿಕೊಂಡು ಬೀಳುವುದೇ ಹೆಚ್ಚು ಅಪಾಯ. ಕತ್ತಲಾಗಿ ಒಂದು ತಾಸು ಕಳೆಯಲಿ, ಆಗ ಎಲ್ಲ ಹುಳ ಗೂಡಿನ ಮೇಲಿರುತ್ತವೆ. ಹಗಲು ಹೊಡೆದರೆ ಹೊರಗೆ ಹೋದವು ತಿರುಗಿ ಬಂದು ಅಲ್ಲೇ ಕಟ್ಟುತ್ತವೆ. ದಪ್ಪ ತುಂಬುತೋಳಿನ ಅಂಗಿ, ಕೈಗವಸು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಗಾಜು ಇಳಿಸಿದ ಹೆಲ್ಮೆಟ್ ಬೇಕು. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿ, ಕೆಂಪು ಬೆಳಕು ಅವಕ್ಕೆ ಕಾಣುವುದೇ ಕಡಿಮೆ. 1 ಲೀಟರ್ ನೀರಿಗೆ 3 ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಗಾಳಿ ತುಂಬಿ ಸಿಂಪಡಿಸುವ ಕೈಪಂಪಿಗೆ ಹಾಕಿ, ಗೂಡು ತೊಯ್ಯುವವರೆಗೆ ನಡುವೆ ನಿಲ್ಲಿಸದೆ ಹೊಡೆಯಿರಿ. ಸಾಬೂನು ನೀರು ಉಸಿರಾಟದ ರಂಧ್ರಗಳಿಗೆ ಇಳಿದು ಹುಳ ಸಾಯುತ್ತದೆ. ವೈರಿನ ಹತ್ತಿರವಿದ್ದರೆ ಈ ಉಪಾಯ ಬೇಡ. ಮುಂಜಾನೆ ದೇಟಿನ ಬುಡಸಮೇತ ಕೆರೆಯಿರಿ.

ಪೆಟ್ರೋಲ್, ಬೆಂಕಿ ತರಬೇಡಿ. ಜಂತಿ, ಬಣವಿ ಹೊತ್ತಿಕೊಂಡರೆ ಊರೇ ಓಡಿಬರಬೇಕಾದೀತು. ಹೊಲಕ್ಕೆ ಹೊಡೆಯುವ ಎಣ್ಣೆಯೂ ಮನೆಗೆ ಬೇಡ. ಗೋಡೆಯೊಳಗೆ ಕಣಜವಿದ್ದಾಗ ಹೊರಗಿನ ತೂತು ಮುಚ್ಚಬೇಡಿ, ಕಡಿದುಕೊಂಡು ಕೋಣೆಯೊಳಗೆ ಬರುತ್ತವೆ.

ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಿ. ಬಾವಿಗೆ, ಹೊಂಡಕ್ಕೆ ಹಾರಬೇಡಿ, ಅವು ಮೇಲೆ ಕಾಯುತ್ತವೆ. ಜೇನಿನ ಮುಳ್ಳು ಚರ್ಮದಲ್ಲಿ ಉಳಿದು ವಿಷ ಇಳಿಸುತ್ತಲೇ ಇರುತ್ತದೆ, ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಕಣಜ ಮುಳ್ಳು ಬಿಡುವುದಿಲ್ಲ. ಸುಣ್ಣ ಹಚ್ಚದೆ, ಸಾಬೂನಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ತುಟಿ, ಗಂಟಲು ಬಾತರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ತಿರುಗಿದರೆ 108ಕ್ಕೆ ಫೋನ್ ಮಾಡಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಹತ್ತಾರು ಕಡೆ ಕಚ್ಚಿದ್ದರೆ ಆರಾಮ ಅನಿಸಿದರೂ ದವಾಖಾನೆಗೆ ಹೋಗಿ, ವಿಷ ಮೂತ್ರಪಿಂಡವನ್ನು ತಡವಾಗಿ ಕೆಡಿಸಬಲ್ಲದು.